1906ರ ಸೇಂಟ್ ಲೂಯಿಸ್: ಚೆಂಡನ್ನು ಮುಂದಕ್ಕೆ ಎಸೆಯಲು ಕಲಿತ ತಂಡ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ 1905ರವರೆಗೂ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಇಲ್ಲವೇ ಒದೆಯಬೇಕು. 3 ಡೌನ್‌ಗಳಲ್ಲಿ (ಡೌನ್ ಎಂದರೆ ಚೆಂಡು ಮುಂದೊಯ್ಯುವ ಒಂದು ಸಲದ ಪ್ರಯತ್ನ) 5 ಗಜ ಮುಂದೆ ಹೋದರೆ ಚೆಂಡು ತಮ್ಮಲ್ಲೇ ಉಳಿಯುತ್ತಿತ್ತು. 5 ಗಜಕ್ಕೆ ಜಾಣತನವೇನೂ ಬೇಕಿಲ್ಲ. ಒತ್ತೊತ್ತಾಗಿ ನಿಂತು, ಚೆಂಡು ಹಿಡಿದವನನ್ನು ತಳ್ಳಿಕೊಂಡು ಎದುರು ಸಾಲಿನ ಒಂದೇ ಜಾಗಕ್ಕೆ ನುಗ್ಗಿದರಾಯಿತು. ಹುಡುಗರ ಕತ್ತು, ಪಕ್ಕೆಲುಬು ಮುರಿಯುತ್ತಿದ್ದದ್ದು ಆ ರಾಶಿಯ ಅಡಿಯಲ್ಲೇ. 1905ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದರು. ಆದರೂ ಆ ಸೀಸನ್ ಮುಗಿದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನೇ ಕೈಬಿಟ್ಟಿತು. ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ರಗ್ಬಿಗೆ ಹೊರಳಿದವು.

1906ರ ಹೊಸ ನಿಯಮಗಳು ಹುಟ್ಟಿದ್ದು ಹೀಗೆ. 3 ಡೌನ್‌ಗಳಲ್ಲಿ ಈಗ 10 ಗಜ ಹೋಗಬೇಕು. ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಖಾಲಿ ಜಾಗ ಇರಬೇಕು. ಜೊತೆಗೆ ಫಾರ್ವರ್ಡ್ ಪಾಸ್‌ಗೆ ಅನುಮತಿ.

ಆದರೆ ಅನುಮತಿಯ ಜೊತೆ ಬಂದ ಷರತ್ತುಗಳು ಬಹಳ ಕಠಿಣ. ಚೆಂಡು ಆಟಕ್ಕೆ ಬಂದ ಜಾಗದಿಂದ ಎಡಕ್ಕೋ ಬಲಕ್ಕೋ ಕನಿಷ್ಠ 5 ಗಜ ಆಚೆಯೇ ಪಾಸ್ ಸಾಲನ್ನು ದಾಟಬೇಕು. ಇದನ್ನು ಅಳೆಯಲು ಮೈದಾನದ ಉದ್ದಕ್ಕೂ ಸುಣ್ಣದ ಗೆರೆ ಎಳೆದು ಚೌಕ ಚೌಕ ಮಾಡುತ್ತಿದ್ದರು. ಯಾರೂ ಮುಟ್ಟದೆ ಚೆಂಡು ನೆಲಕ್ಕೆ ಬಿದ್ದರೆ ಅದು ಎದುರಾಳಿಯದು. ಈಗಿನಂತೆ ಬರೀ ಒಂದು ಡೌನ್ ಹೋಗುವುದಲ್ಲ, ಚೆಂಡೇ ಕೈತಪ್ಪುತ್ತಿತ್ತು. ಯಾರೂ ಮುಟ್ಟದೆ ಗೋಲ್ ಗೆರೆ ದಾಟಿದರೂ ಅದೇ ಗತಿ. ಹಿಡಿಯಲು ಓಡುವವನನ್ನು ಕೆಡವದಂತೆ ತಡೆಯುವ ರಕ್ಷಣೆಯೂ ಇರಲಿಲ್ಲ. ಹೆಚ್ಚಿನ ಕೋಚ್‌ಗಳು ಪಾಸ್ ಕಡೆ ತಿರುಗಿ ನೋಡದ್ದಕ್ಕೆ ಹಳೇ ಆಟದ ಮೋಹಕ್ಕಿಂತ ಈ ಲೆಕ್ಕಾಚಾರವೇ ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ.

ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಕೋಚ್ ಎಡ್ಡಿ ಕೋಚೆಮ್ಸ್ ಹಾಕಿದ ಲೆಕ್ಕವೇ ಬೇರೆ. ಪಾಸ್ ಬಿದ್ದರೆ ನಷ್ಟ ದೊಡ್ಡದು, ನಿಜ. ಹಾಗಾದರೆ ಬೀಳದ ಹಾಗೆ ಎಸೆಯುವುದನ್ನು ಕಲಿಯಬೇಕು. 1906ರ ಬೇಸಿಗೆಯಲ್ಲಿ ಅವರು ತಂಡವನ್ನು ವಿಸ್ಕಾನ್ಸಿನ್‌ನ ಲೇಕ್ ಬ್ಯೂಲಾಗೆ ಕರೆದೊಯ್ದು, ಹೊಸ ನಿಯಮಕ್ಕೆಂದೇ ತಾಲೀಮು ಮಾಡಿಸಿದರು. ಎಸೆಯುವವನು ವೈದ್ಯಕೀಯ ವಿದ್ಯಾರ್ಥಿ ಬ್ರ್ಯಾಡ್‌ಬರಿ ರಾಬಿನ್‌ಸನ್, ಹಿಡಿಯುವವನು ಜ್ಯಾಕ್ ಶ್ನೈಡರ್.

ಚೆಂಡೇ ದೊಡ್ಡ ತೊಡಕು. ಈಗಿನ ಕಾಲೇಜು ಚೆಂಡಿನ ನಡು ಸುತ್ತಳತೆ ಸುಮಾರು 21 ಇಂಚು. 1912ರಲ್ಲಿ ಸಣ್ಣಗೆ ಮಾಡಿದ ಮೇಲೂ ಅದು 22½ ಇಂಚಿಗೆ ಕಡಿಮೆ ಇರಲಿಲ್ಲ. 1906ರ ಚೆಂಡು ಇನ್ನೂ ದುಂಡು. ನಡುವನ್ನು ಅಂಗೈಯಲ್ಲಿ ಹಿಡಿಯಲು ಹೋದರೆ ಬೆರಳು ಸಾಲದೆ ಜಾರುತ್ತದೆ. ಅದಕ್ಕೇ ಹಲವರು ಕೆಳಗಿನಿಂದ ತೂರುತ್ತಿದ್ದರು. ಹಾಗೆ ತೂರಿದ ಚೆಂಡು ಪಲ್ಟಿ ಹೊಡೆಯುತ್ತ, ಗಾಳಿಗೆ ಸಿಕ್ಕು ನಿಧಾನವಾಗುತ್ತಿತ್ತು. ಹಿಡಿಯುವವನು ನಿಂತು ಕಾಯಬೇಕು, ಅಷ್ಟರಲ್ಲಿ ಎದುರಾಳಿಗಳು ಮುತ್ತಿಕೊಂಡಿರುತ್ತಿದ್ದರು. ಕೋಚೆಮ್ಸ್ ಕಲಿಸಿದ ಬಗೆಯಲ್ಲಿ ಚೆಂಡಿನ ತುದಿಯ ಹತ್ತಿರ ಲೇಸಿನ ಹೊಲಿಗೆಗೆ ಬೆರಳು ಕೊಟ್ಟು, ಭುಜದ ಮೇಲಿಂದ ಬೀಸಿ, ಬಿಡುವಾಗ ತಿರುವು ಕೊಡಬೇಕು. ಆಗ ಚೆಂಡು ತನ್ನ ಉದ್ದದ ಅಕ್ಷದಲ್ಲಿ ಬುಗುರಿಯಂತೆ ಸುತ್ತುತ್ತ, ಮೂತಿ ಮುಂದಾಗಿ ನೇರ ಹೋಗುತ್ತದೆ. ಶ್ನೈಡರ್ ನಿಲ್ಲದೆ ಓಡುತ್ತಲೇ ಹಿಡಿಯಬಹುದು.

ಸೆಪ್ಟೆಂಬರ್ 5ರಂದು ವಾಕೆಶಾ ಊರಿನಲ್ಲಿ ಕ್ಯಾರೊಲ್ ಕಾಲೇಜಿನ ಎದುರು ಮೊದಲ ಪ್ರಯತ್ನ. ರಾಬಿನ್‌ಸನ್ ಎಸೆದ ಮೊದಲ ಪಾಸ್ ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು, ನಿಯಮದಂತೆ ಚೆಂಡು ಕ್ಯಾರೊಲ್‌ಗೆ ಹೋಯಿತು. ಆದರೂ ಅವರು ಎಸೆಯುವುದನ್ನು ಬಿಡಲಿಲ್ಲ. ಅದೇ ಪಂದ್ಯದಲ್ಲಿ ಮುಂದೆ 20 ಗಜದ ಪಾಸ್ ಹಿಡಿದು ಶ್ನೈಡರ್ ಟಚ್‌ಡೌನ್ ಮಾಡಿದ, 22–0 ಗೆಲುವು. (ಚೆಂಡಿನೊಂದಿಗೆ ಎದುರಾಳಿಯ ಗೋಲ್ ಗೆರೆ ದಾಟುವುದೇ ಟಚ್‌ಡೌನ್, ಅದಕ್ಕೆ ಆಗ 5 ಅಂಕ.)

ಕ್ಯಾನ್ಸಸ್ ವಿರುದ್ಧ 34–2. ಆ ಪಂದ್ಯದ ಒಂದು ಪಾಸ್ 67 ಗಜ, 87 ಗಜ ಎಂದು ಆಮೇಲೆ ಬೆಳೆಯುತ್ತ ಹೋಯಿತು. ಸೇಂಟ್ ಲೂಯಿಸ್ ಊರಿನ ಪತ್ರಿಕೆಯೇ ಆಗ ಬರೆದದ್ದು 48. ಆ ಚೆಂಡಿನಲ್ಲಿ 48 ಗಜವೇ ಅಸಾಧಾರಣ, ಅದಕ್ಕೆ ಹೆಚ್ಚು ಸೇರಿಸುವ ಅಗತ್ಯವೇ ಇಲ್ಲ. ನವೆಂಬರ್ ಕೊನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನ ಅಯೋವಾವನ್ನು 39–0ರಿಂದ ಸೋಲಿಸಿದರು. ಅಂದು ಎಸೆದ 10 ಪಾಸ್‌ಗಳಲ್ಲಿ 8 ಕೈಸೇರಿದವು, ಸರಾಸರಿ 20 ಗಜ. ಇಡೀ ಸೀಸನ್ನಿನಲ್ಲಿ 11 ಪಂದ್ಯ, 11 ಗೆಲುವು; ಗಳಿಸಿದ್ದು 407, ಬಿಟ್ಟುಕೊಟ್ಟದ್ದು 11 ಅಂಕ.

ಆದರೆ ಆಟದ ಸುದ್ದಿ, ಮರ್ಯಾದೆ ಎಲ್ಲವೂ ಆಗ ಪೂರ್ವ ತೀರದ ಕಾಲೇಜುಗಳ ಸುತ್ತಲೇ. ಮಿಸಿಸಿಪ್ಪಿ ದಂಡೆಯ ತಂಡವೊಂದನ್ನು ಅಲ್ಲಿ ಗಮನಿಸಿದವರು ಕಡಿಮೆ. ಏಳು ವರ್ಷದ ನಂತರ, 1913ರ ನವೆಂಬರ್ 1ರಂದು ನೋಟರ್ ಡೇಮ್ ವಿಶ್ವವಿದ್ಯಾಲಯ ಪಾಸ್‌ಗಳ ಬಲದಿಂದ ಆರ್ಮಿ (ಸೇನಾ ಅಕಾಡೆಮಿ) ತಂಡವನ್ನು 35–13ರಿಂದ ಮಣಿಸಿದಾಗ, ಗಸ್ ಡೊರೈಸ್ ಮತ್ತು ನ್ಯೂಟ್ ರಾಕ್ನಿ ಜೋಡಿಯೇ ಪಾಸ್ ಕಂಡುಹಿಡಿದರು ಎಂಬ ಮಾತು ಹಬ್ಬಿತು. ಅವರ ಆಟ ಅದ್ಭುತವೇ. ಅವರೂ ಬೇಸಿಗೆಯಲ್ಲಿ ಓಹಾಯೊದ ಸೀಡರ್ ಪಾಯಿಂಟ್‌ನಲ್ಲಿ ಸರೋವರದ ದಂಡೆಯಲ್ಲಿ ತಾಲೀಮು ಮಾಡಿಯೇ ಬಂದಿದ್ದರು. ಆದರೆ ಅಷ್ಟರಲ್ಲಿ ಚೆಂಡು ಸಣ್ಣಗಾಗಿತ್ತು, 10 ಗಜಕ್ಕೆ 4 ಡೌನ್ ಸಿಗುತ್ತಿತ್ತು, 5 ಗಜದ ಗೆರೆಗಳ ಕಟ್ಟುಪಾಡು ಹೋಗಿತ್ತು. ರಾಬಿನ್‌ಸನ್‌ಗೆ ಇವುಗಳಲ್ಲಿ ಒಂದೂ ಇರಲಿಲ್ಲ.