ಪುನಾಖಾ ಕೋಟೆಯಲ್ಲಿ ಸಿಕ್ಕ ಬಡಗಿ

ಭೂತಾನ್‌ನಿಂದ ಬಂದು ಮೂರು ವಾರ ಆಯ್ತು. ಸಿಕ್ಕವರೆಲ್ಲ ಬಂಡೆಯ ಅಂಚಿನಲ್ಲಿರೋ ಟೈಗರ್ಸ್ ನೆಸ್ಟ್ ಗುಡಿಗೆ ಹತ್ತಿದ್ರಾ ಅಂತಲೇ ಕೇಳ್ತಾರೆ. ಹತ್ತಿದೆ. ಆದರೆ ನನಗೆ ಹೇಳಬೇಕು ಅನ್ನಿಸ್ತಿರೋದು ಪುನಾಖಾದ ಕೋಟೆಯಲ್ಲಿ ಕಳೆದ ಒಂದು ಮಧ್ಯಾಹ್ನದ ವಿಷಯ.

ಹೋಗಿದ್ದು ನಾನು ಮತ್ತು ಅಮ್ಮ. ಬೆಂಗಳೂರಿನಿಂದ ಬಾಗ್ಡೋಗ್ರಾ ತನಕ ವಿಮಾನ, ಅಲ್ಲಿಂದ ಕಾರಿನಲ್ಲಿ ಜೈಗಾಂವ್, ಗಡಿ ದಾಟಿದರೆ ಫುಂಟ್‌ಶೋಲಿಂಗ್. ಅಲ್ಲಿಂದ ಥಿಂಫುಗೆ ಬರೀ ತಿರುವುಗಳ ಬೆಟ್ಟದ ರಸ್ತೆ. ಅಮ್ಮನಿಗೆ ದಾರಿಯುದ್ದಕ್ಕೂ ಹೊಟ್ಟೆ ತೊಳಸಿತ್ತು, ಹಾಗಾಗಿ ಆ ದಿನದ ಬಗ್ಗೆ ಬರೆಯಲು ಹೆಚ್ಚೇನಿಲ್ಲ.

ಒಂದು ವಿಷಯ ಮಾತ್ರ ಈಗಲೂ ಮನಸ್ಸಿನಲ್ಲಿ ಕುಟುಕ್ತಿದೆ, ಅದನ್ನು ಮೊದಲೇ ಹೇಳಿಬಿಡ್ತೀನಿ. ಗಡಿಯಲ್ಲಿ ನಮಗೆ ಸಿಕ್ಕ ಪರ್ಮಿಟ್ ಥಿಂಫು ಮತ್ತು ಪಾರೋಗೆ ಮಾತ್ರ. ಪುನಾಖಾಕ್ಕೆ ಹೋಗಲು ಥಿಂಫುವಿನ ಕಚೇರಿಯಲ್ಲಿ ಬೇರೆ ಪರ್ಮಿಟ್ ಮಾಡಿಸಬೇಕಿತ್ತು. ನಮ್ಮ ಏಜೆಂಟ್ ಇದನ್ನು ಹೇಳಿಯೇ ಇರಲಿಲ್ಲ. ನಾವು ಥಿಂಫು ಮುಟ್ಟಿದ್ದು ಶುಕ್ರವಾರ ಸಂಜೆ. ಶನಿವಾರ, ಭಾನುವಾರ ಕಚೇರಿ ರಜೆ. ಭಾರತೀಯರು ಅಲ್ಲಿ ಒಬ್ಬೊಬ್ಬರು ರಾತ್ರಿಗೆ 1200 ರೂಪಾಯಿ ಸರ್ಕಾರಕ್ಕೆ ಶುಲ್ಕ ಕಟ್ಟಬೇಕು, ನೀವು ಊರು ನೋಡಿದರೂ ಅಷ್ಟೇ, ಹೋಟೆಲಿನಲ್ಲಿ ಸುಮ್ನೆ ಕೂತರೂ ಅಷ್ಟೇ. ಎರಡು ರಾತ್ರಿ ಇರಬೇಕಿದ್ದ ಪುನಾಖಾದಲ್ಲಿ ನಮಗೆ ಸಿಕ್ಕಿದ್ದು ಒಂದೇ ಒಂದು ಮಧ್ಯಾಹ್ನ. ಹೋಗುವವರು ದಯವಿಟ್ಟು ಪುನಾಖಾ ಪರ್ಮಿಟ್ ವಿಷಯ ಮನೆಯಿಂದ ಹೊರಡುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ಥಿಂಫುವಿಗೆ ವಾರದ ಮಧ್ಯೆ ತಲುಪುವ ಹಾಗೆ ಟಿಕೆಟ್ ಮಾಡಿಸಿ.

ಥಿಂಫುವಿನ ಆ ಎರಡು ದಿನ ಚೆನ್ನಾಗಿತ್ತು, ಅಷ್ಟೇ. ಬೆಟ್ಟದ ಮೇಲಿನ ದೊಡ್ಡ ಬುದ್ಧನ ಮೂರ್ತಿ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಹೊಳಪು ಜಾಸ್ತಿ. ಎಮಾ ದಾತ್ಶಿ ಮಾತ್ರ ಮೂರು ಹೊತ್ತೂ ತಿಂದೆ. ಮೆಣಸಿನಕಾಯಿಯನ್ನೇ ತರಕಾರಿಯ ಹಾಗೆ ಉದ್ದುದ್ದ ಸೀಳಿ ಚೀಸ್‌ನಲ್ಲಿ ಬೇಯಿಸಿದ ಪಲ್ಯ ಅದು, ಕೆಂಪು ಅನ್ನದ ಜೊತೆ ಅದಕ್ಕಿಂತ ಒಳ್ಳೆ ಊಟ ನಾನು ಇತ್ತೀಚೆಗೆ ಉಂಡಿಲ್ಲ. ಬೆಣ್ಣೆ, ಉಪ್ಪು ಹಾಕಿದ ಅವರ ಚಹಾ ನನಗೆ ಇಳಿಯಲಿಲ್ಲ. ಅಮ್ಮ ಎರಡು ಲೋಟ ಕುಡಿದಳು.

ಸೋಮವಾರ ಪರ್ಮಿಟ್ ಕೈಗೆ ಬಂದ ತಕ್ಷಣ ಹೊರಟೆವು. ದಾರಿಯಲ್ಲಿ ಸಿಮ್‌ತೋಖಾ ಕೋಟೆಯನ್ನು ಕಾರಿನಿಂದಲೇ ನೋಡಿದ್ದಾಯ್ತು. 1629ರಲ್ಲಿ ಶಬ್‌ದ್ರುಂಗ್ ಙವಾಂಗ್ ನಾಮ್ಗ್ಯಾಲ್ ಕಟ್ಟಿಸಿದ್ದು. ಟಿಬೆಟ್‌ನಿಂದ ಬಂದ ಈ ಲಾಮಾನೇ ಭೂತಾನನ್ನು ಒಂದು ದೇಶವಾಗಿ ಮಾಡಿದವರು. ಕೋಟೆಗೆ ಅಲ್ಲಿ 'ಜೋಂಗ್' ಅಂತಾರೆ. ದೋಚುಲಾ ಕಣಿವೆದಾರಿಯಲ್ಲಿ ಮಂಜು ಕವಿದಿತ್ತು. ಭಾರತದ ಬಂಡುಕೋರರ ವಿರುದ್ಧ ನಡೆದ 2003ರ ಕಾರ್ಯಾಚರಣೆಯಲ್ಲಿ ಸತ್ತ ಭೂತಾನ್ ಸೈನಿಕರ ನೆನಪಿಗೆ ಕಟ್ಟಿದ 108 ಸ್ತೂಪಗಳಲ್ಲಿ ನಮಗೆ ಕಂಡಿದ್ದು ಹತ್ತೋ ಹನ್ನೆರಡೋ.

ಕಣಿವೆ ಇಳಿದ ಹಾಗೆ ಸೆಕೆ ಶುರುವಾಯ್ತು. ಸ್ವೆಟರ್ ಬಿಚ್ಚಿದೆವು. ಒಂದು ತಿರುವಿನಲ್ಲಿ ಗೈಡ್ ಹುಡುಗ ಕಾರು ನಿಲ್ಲಿಸೋಕೆ ಹೇಳಿದ. ಕೆಳಗೆ ಎರಡು ನದಿ ಕೂಡುವ ಮೂಲೆಯಲ್ಲಿ ಪುನಾಖಾ ಕೋಟೆ. ಅದರ ಮುಂದೆ ಜಕರಂದಾ ಮರಗಳು ನೇರಳೆ ಹೂ ಸುರಿಸಿಕೊಂಡು ನಿಂತಿದ್ದವು. ಒಂದು ನದಿ ಫೋ ಛು, ಇನ್ನೊಂದು ಮೋ ಛು. ಫೋ ಅಂದರೆ ಗಂಡು, ಮೋ ಅಂದರೆ ಹೆಣ್ಣು, ಛು ಅಂದರೆ ನೀರು. "ಎರಡೂ ಕೂಡೋ ಜಾಗ ಅಂದ್ರೆ ಸಂಗಮ ಕಣೋ," ಅಂತ ಅಮ್ಮ ಅಲ್ಲಿಂದಲೇ ಕೈ ಮುಗಿದಳು.

ನಾನು ಚಿತ್ರದುರ್ಗದವನು. ಕೋಟೆ ಅಂದರೆ ನನಗೆ ಕಲ್ಲು, ಬಿಸಿಲು, ಬುರುಜು. ಒಳಗೆ ಯಾರೂ ಇರಲ್ಲ. ಮದಕರಿ ನಾಯಕರು ಇದ್ದ ಕಡೆ ಈಗ ಬರೀ ಮಣ್ಣಿನ ಗೋಡೆಗಳು. ಸ್ಕೂಲಿನಿಂದ ಕರೆದುಕೊಂಡು ಹೋಗ್ತಿದ್ದರು, ಓಬವ್ವನ ಕಿಂಡಿಯಲ್ಲಿ ತೂರಿ ಬರ್ತಿದ್ದೆವು. ಹಾಗಾಗಿ ಪುನಾಖಾದಲ್ಲೂ ಅಂಥದ್ದೇ ಒಂದು ಜಾಗ ಇರುತ್ತೆ ಅಂದುಕೊಂಡಿದ್ದೆ.

ಮರದ ಸೇತುವೆ ದಾಟಿ ಹೋದರೆ ಕಡಿದಾದ ಮರದ ಮೆಟ್ಟಿಲು. ಹಿಂದೆ ಶತ್ರು ಬಂದಾಗ ಆ ಮೆಟ್ಟಿಲನ್ನೇ ಮೇಲಕ್ಕೆ ಎಳೆದುಕೊಳ್ತಿದ್ದರಂತೆ. ಬಾಗಿಲ ಹತ್ತಿರ ನಮ್ಮ ಮುಂದೆ ಒಬ್ಬ ಮುದುಕ ನಿಂತಿದ್ದರು. ಮೈಮೇಲೆ ಭೂತಾನಿ ಗಂಡಸರ ನಿಲುವಂಗಿ ಘೋ, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಕೈಚೀಲದಿಂದ ಮಡಿಸಿಟ್ಟ ಬಿಳಿ ಬಟ್ಟೆ ತೆಗೆದರು, ಒಂದು ಸಲ ಕೊಡವಿದರು, ಎಡಭುಜದ ಮೇಲೆ ಹಾಕಿ ಬಲಸೊಂಟದ ಹತ್ತಿರ ತಂದು ಸುತ್ತಿದರು, ಅಂಚು ನೇರ ಇದೆಯಾ ಅಂತ ಬೆರಳಲ್ಲಿ ಸವರಿ ನೋಡಿಕೊಂಡರು. ಆಮೇಲೆ ಒಳಗೆ ಕಾಲಿಟ್ಟರು. ಅದು ಕಬ್ನೆ. ಗಂಡಸರು ಅದಿಲ್ಲದೆ ಜೋಂಗ್ ಒಳಗೆ ಹೋಗುವ ಹಾಗಿಲ್ಲ, ಸಾಮಾನ್ಯ ಜನರಿಗೆ ಬಿಳಿ ಬಣ್ಣದ್ದು.

"ಇವರು ಪೂಜೆಗೆ ಬಂದಿದ್ದಾರಾ?" ಅಂತ ಗೈಡ್‌ನ ಕೇಳಿದೆ.

"ಇಲ್ಲ ಲಾ, ಜಮೀನಿನ ಕಾಗದ. ಕಚೇರಿ ಇಲ್ಲೇ ಅಲ್ವಾ."

ಅವರು ಮಾತಿನ ಕೊನೆಗೆ 'ಲಾ' ಸೇರಿಸ್ತಾರೆ, ನಮ್ಮ 'ರೀ' ಇದ್ದ ಹಾಗೆ. ನನಗೆ ಆಶ್ಚರ್ಯ ಆಗಿದ್ದು ಕಚೇರಿ ಅನ್ನೋ ಮಾತಿಗೆ. 1637ರಲ್ಲಿ ಶುರುವಾದ ಕೋಟೆ ಇವತ್ತಿಗೂ ಜಿಲ್ಲಾ ಆಡಳಿತದ ಜಾಗ, ಜೊತೆಗೆ ಮಠ. 1907ರಲ್ಲಿ ಮೊದಲ ರಾಜನ ಪಟ್ಟಾಭಿಷೇಕ ಆಗಿದ್ದು ಇಲ್ಲಿ, 2011ರಲ್ಲಿ ಈಗಿನ ರಾಜನ ಮದುವೆಯೂ ಇಲ್ಲೇ. ಶಬ್‌ದ್ರುಂಗ್ ಅವರ ದೇಹವನ್ನು ಇಟ್ಟಿರೋ ಗುಡಿಯೂ ಇಲ್ಲಿದೆ, ಅಲ್ಲಿಗೆ ನಮ್ಮಂಥವರಿಗೆ ಪ್ರವೇಶ ಇಲ್ಲ. ಇಷ್ಟೆಲ್ಲದರ ನಡುವೆ ಒಬ್ಬ ಮುದುಕ ಜಮೀನಿನ ಕಾಗದ ಹಿಡಿದು ಬರ್ತಾರೆ!

ಮೊದಲ ಅಂಗಳದಲ್ಲಿ ದೊಡ್ಡ ಬಿಳಿ ಸ್ತೂಪ, ಪಕ್ಕದಲ್ಲಿ ಅರಳಿ ಮರ. ಅಮ್ಮ ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಶುರು ಮಾಡಿದಳು. ಆ ಮುದುಕ ಕಟ್ಟೆ ಮೇಲೆ ಕೂತು ತಮ್ಮ ಸರದಿಗೆ ಕಾಯ್ತಿದ್ದರು. ಅಮ್ಮನನ್ನು ನೋಡಿ ನಕ್ಕು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅವರಿಗೆ ಹಿಂದಿ ಬರ್ತಿತ್ತು. ಅಮ್ಮನಿಗೂ ಹರಕುಮುರುಕು ಬರುತ್ತೆ. ಸಾಲದಿದ್ದಾಗ ಗೈಡ್ ಇದ್ದ.

ಅವರು ಬಡಗಿ. 1994ರ ಅಕ್ಟೋಬರ್‌ನಲ್ಲಿ ಮೇಲೆ ಎಲ್ಲೋ ಹಿಮದ ಕೆರೆ ಒಡೆದು ಫೋ ಛು ಉಕ್ಕಿ ಬಂತಲ್ಲ, ಆಗ ಕೋಟೆಗೆ ಹಾನಿಯಾಗಿತ್ತು. ಅದಾದ ಮೇಲೆ ನಡೆದ ಕೆಲಸದಲ್ಲಿ ಅವರೂ ಇದ್ದರಂತೆ. ಅಮ್ಮ ನೆಟ್ಟಗೆ ಕೂತಳು. ಅಮ್ಮನ ಅಪ್ಪ ಹಿರಿಯೂರು ಕಡೆ ಎತ್ತಿನ ಗಾಡಿ ಮಾಡ್ತಿದ್ದ ಬಡಗಿ.

"ಮೊಳೆ ಹೊಡೆಯಲ್ವಂತೆ, ನಿಜಾನಾ?" ಅಂತ ಕೇಳಿದಳು.

ಅವರು ಎರಡೂ ಕೈ ಮುಂದೆ ಚಾಚಿದರು. ಬಲಗೈಯ ಹೆಬ್ಬೆರಳಿಗೆ ಉಗುರು ಅರ್ಧ ಇರಲಿಲ್ಲ. ಒಂದು ಕೈಯ ಬೆರಳುಗಳ ಸಂದಿಗೆ ಇನ್ನೊಂದು ಕೈಯ ಬೆರಳು ತೂರಿಸಿ, ಸ್ವಲ್ಪ ತಿರುಚಿ, "ಎಳಿ" ಅಂದರು. ಅಮ್ಮ ಎಳೆದಳು, ಬರಲಿಲ್ಲ. "ತೊಲೆಗಳು ಹೀಗೆ. ಮೇಲೆ ಭಾರ ಬಿದ್ದಷ್ಟೂ ಬಿಗಿ." ಅಮ್ಮ ತಾನೂ ಕೈ ಮಡಚಿ ಗಾಡಿ ಚಕ್ರದ ಗುಂಬಕ್ಕೆ ಅರೆಕಾಲು ಹೇಗೆ ಕೂರುತ್ತೆ, ಅದು ಅಲ್ಲಾಡಿದರೆ ಬೆಣೆ ಎಲ್ಲಿ ಬಡೀತಾರೆ ಅಂತ ತೋರಿಸಿದಳು. ಅವರಿಗೆ ಅರ್ಥ ಆಯ್ತು. ನನಗೆ ಇಬ್ಬರ ಅರ್ಧ ಮಾತೂ ಅರ್ಥ ಆಗಲಿಲ್ಲ. ಅಮ್ಮನಿಗೆ ಇದೆಲ್ಲ ಗೊತ್ತು ಅನ್ನೋದೇ ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ನಕ್ಷೆಯ ಮಾತು ಬಂದಾಗ ಅವರು ಒಂದು ಕಥೆ ಹೇಳಿದರು. ಶಬ್‌ದ್ರುಂಗ್ ಅವರು ಜೋವೆ ಪಾಲೆಪ್ ಅನ್ನೋ ಬಡಗಿಯನ್ನು ತಮ್ಮ ಹತ್ತಿರ ಮಲಗಿಸಿಕೊಂಡರಂತೆ. ಗುರು ರಿಂಪೋಚೆಯ, ಅಂದರೆ ಪದ್ಮಸಂಭವರ ಅರಮನೆ ಅವನ ಕನಸಿನಲ್ಲಿ ಬಂತು. ಎದ್ದವನು ಕಾಗದದಲ್ಲಿ ಒಂದು ಗೆರೆಯನ್ನೂ ಬರೆಯದೆ ಅದೇ ಥರ ಈ ಕೋಟೆ ಕಟ್ಟಿದ. "ಅಳತೆಗೆ?" ಅಂತ ಅಮ್ಮ ಕೇಳಿದಳು. ಅವರು ಹೆಬ್ಬೆರಳು ಕಿರುಬೆರಳು ಅಗಲಿಸಿ ಕಟ್ಟೆಯ ಮೇಲೆ ಗೇಣು ಹಾಕಿ ತೋರಿಸಿದರು. ಅಮ್ಮನೂ ಪಕ್ಕದಲ್ಲಿ ತನ್ನ ಗೇಣು ಇಟ್ಟಳು.

ಈ ಕೋಟೆ ಎಷ್ಟೋ ಸಲ ಸುಟ್ಟಿದೆ. 1897ರಲ್ಲಿ ಭೂಕಂಪ, ಆಮೇಲೆ ಈ ನೆರೆ. ಪ್ರತಿ ಸಲ ಮತ್ತೆ ಎಬ್ಬಿಸಿದ್ದಾರೆ. ನಾನು ಕೇಳಿದೆ, ಇಷ್ಟು ಸಲ ಹೊಸದಾಗಿ ಕಟ್ಟಿದ ಮೇಲೆ ಇದು ಹಳೇ ಕೋಟೆ ಹೇಗಾಗುತ್ತೆ ಅಂತ. ಗೈಡ್ ಅದನ್ನು ಜೋಂಗ್‌ಖಾದಲ್ಲಿ ಹೇಳಿದ. ಅವರಿಗೆ ತಿಳೀಲಿಲ್ಲ. ಅವನು ಇನ್ನೊಂದು ಥರ ಹೇಳಿದ. ಆಗಲೂ ಇಲ್ಲ. ಮುಖ ನೋಡಿದರೆ ನಾನೇನೋ ಲೆಕ್ಕ ತಪ್ಪಿ ಕೇಳಿದ ಹಾಗಿತ್ತು. ಕೊನೆಗೆ ಅವರು ಮಧ್ಯದ ಗೋಪುರದ ಕಡೆ ಕೈ ತೋರಿಸಿ, "ಇಲ್ಲೇ ಇದೆಯಲ್ಲ?" ಅಂದರು.

ಅಷ್ಟರಲ್ಲಿ ಒಳಗಿಂದ ಯಾರೋ ಕರೆದರು. ಫೈಲು ಎತ್ತಿಕೊಂಡು, ಕಬ್ನೆ ಸರಿ ಮಾಡಿಕೊಂಡು ಹೋದರು. ಹೆಸರು ಕೇಳೋದೂ ಆಗಲಿಲ್ಲ.

ಆಮೇಲೆ ನಾನು ಕೋಟೆಯ ಚಿತ್ರಗಳನ್ನು ಬಿಟ್ಟು ತೊಲೆಗಳು ಸೇರುವ ಮೂಲೆಗಳನ್ನೇ ನೋಡ್ತಾ ಓಡಾಡಿದೆ. ಬಣ್ಣದ ಹೂಬಳ್ಳಿಗಳ ಕೆಳಗೆ, ಎಲ್ಲಿ ಒಂದು ಮರ ಇನ್ನೊಂದನ್ನು ಹಿಡಿದುಕೊಂಡಿದೆ ಅಂತ. ಆ ದೊಡ್ಡ ಗುಡಿಯ ಬಂಗಾರದ ಬುದ್ಧನನ್ನು ನೋಡಿದ್ದು ಸರಿಯಾಗಿ ನೆನಪಿಲ್ಲ.

ಪಾರೋದಲ್ಲಿ ಮಾರನೇ ದಿನ ತಕ್ತ್ಸಾಂಗ್, ಅಂದರೆ ಟೈಗರ್ಸ್ ನೆಸ್ಟ್. ಅಮ್ಮ ಅರ್ಧ ದಾರಿಯ ಕ್ಯಾಂಟೀನಿನಲ್ಲಿ ಕೂತಳು, ನಾನು ಪೂರ್ತಿ ಹತ್ತಿದೆ. ಫೋನು, ಬ್ಯಾಗು ಹೊರಗೇ ಇಡಬೇಕು, ಅದು ಒಳ್ಳೆಯದೇ. 1692ರಲ್ಲಿ ಕಟ್ಟಿದ ಆ ಗುಡಿ 1998ರಲ್ಲಿ ಸುಟ್ಟುಹೋಗಿ, ಆ ಬಂಡೆಯ ಅಂಚಿಗೆ ಮತ್ತೆ ಮರ ಸಾಗಿಸಿ ಎಬ್ಬಿಸಿದ್ದು. ಒಂದು ದಿನ ಮುಂಚೆ ಬಂದಿದ್ದರೆ ಅದು ನನಗೆ ಬರೀ ಫೋಟೋ ಜಾಗ ಆಗ್ತಿತ್ತು. ಈಗ ಆ ಮರ ಹೊತ್ತವರು ಈ ಮೆಟ್ಟಿಲಲ್ಲಿ ಎಲ್ಲಿ ಕೂತು ಸುಧಾರಿಸಿಕೊಂಡಿರಬಹುದು ಅಂತ ನೋಡ್ತಾ ಇಳಿದೆ.

ಜೈಗಾಂವ್‌ಗೆ ಬಂದು ಫೋನಿಗೆ ಸಿಗ್ನಲ್ ಬಂದ ತಕ್ಷಣ ಅಮ್ಮ ಹಿರಿಯೂರಿಗೆ ಮಾಮನಿಗೆ ಫೋನ್ ಮಾಡಿದಳು. ಊಟ, ಆರೋಗ್ಯ ಏನೂ ಕೇಳಲಿಲ್ಲ. "ಅಪ್ಪನ ಉಳಿ, ಬಾಚಿ ಎಲ್ಲ ಎಲ್ಲಿಟ್ಟಿದೀಯೋ?" ಅಂದಳು. ಅಟ್ಟದ ಮೇಲೆ ಗೋಣಿಚೀಲದಲ್ಲಿ ಇರಬೇಕು, ತುಕ್ಕು ಹಿಡಿದಿರುತ್ತೆ ಅಂದರಂತೆ ಮಾಮ.

"ಗುಜರಿಗೆ ಹಾಕ್ಬಿಟ್ಟೀಯ. ನಾನು ಬರ್ತೀನಿ, ಅಲ್ಲಿ ತನಕ ಹಾಗೇ ಇರಲಿ."