ಈ ಸಲ ನಕ್ಷತ್ರ ಕಟ್ಟಬೇಕಾ, ಬೇಡವಾ

ಡಿಸೆಂಬರ್ ಮೊದಲ ವಾರ. ಕಾಫಿ ಕುಯ್ಲು ಜೋರಾಗಿ ನಡೀತಿತ್ತು. ಸಂಜೆ ಅಟ್ಟದಿಂದ, ಕ್ರಿಸ್ಮಸ್ಸಿಗೆ ಮನೆ ಮುಂದೆ ಕಟ್ಟುವ ಹಳೇ ನಕ್ಷತ್ರ ಇಳಿಸಿ ಧೂಳು ಒರೆಸುತ್ತಾ ಕೂತಿದ್ದೆ. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ಸ್ವಲ್ಪ ಹೊತ್ತು ನೋಡಿ, "ಚಿಕ್ಕಪ್ಪ, ಇದನ್ನ ಕಟ್ಟಬೇಡಿ" ಅಂದ. "ಇದು ರೋಮಿನವರ ಸೂರ್ಯನ ಹಬ್ಬ. ಕ್ರಿಸ್ಮಸ್ ಮಾಡಿ ಅಂತ ಸತ್ಯವೇದದಲ್ಲಿ ಎಲ್ಲಿದೆ, ತೋರಿಸಿ." ಎರಡು ವರ್ಷದಿಂದ ಅವನು ಅಲ್ಲಿ ಒಂದು ಪ್ರಾರ್ಥನಾ ಸಭೆಗೆ ಹೋಗುತ್ತಿದ್ದಾನೆ. ಹುಡುಗ ಒಳ್ಳೆಯವನು. ದಿನಾ ಬೆಳಗ್ಗೆ ಐದಕ್ಕೆ ಎದ್ದು ಸತ್ಯವೇದ ಓದುವವನು, ಮಾತಿಗೋಸ್ಕರ ಮಾತಾಡುವವನಲ್ಲ. ಅದಕ್ಕೇ ನನಗೆ ಸುಮ್ನೆ ಬೈದು ಕಳಿಸಲು ಆಗಲಿಲ್ಲ. ಅವತ್ತು ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಎರಡು ವಾರ ಕೂತು ಓದಿದೆ. ಓದಿ ನನಗೆ ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಅವನು ಹೇಳಿದ್ದರಲ್ಲಿ ನಿಜ ಎಷ್ಟಿದೆ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ, ಯಾಕಂದರೆ ತುಂಬಾ ಇದೆ. ಯೇಸು ಹುಟ್ಟಿದ ತಾರೀಕು ಸತ್ಯವೇದದಲ್ಲಿ ಇಲ್ಲ. ಆ ಹುಟ್ಟಿನ ಕಥೆ ಬರೆದ ಮತ್ತಾಯನೂ ಹೇಳಿಲ್ಲ, ಲೂಕನೂ ಹೇಳಿಲ್ಲ. ಮೊದಲ ಇನ್ನೂರು ವರ್ಷ ಕ್ರೈಸ್ತರು ಈ ಹಬ್ಬ ಮಾಡಿದ್ದಕ್ಕೆ ಸಾಕ್ಷಿ ಸಿಗುವುದಿಲ್ಲ. ಅವರಿಗೆ ದೊಡ್ಡದಾಗಿದ್ದದ್ದು ಪುನರುತ್ಥಾನದ ಹಬ್ಬ, ಅಂದರೆ ಈಸ್ಟರ್. ಮೂರನೇ ಶತಮಾನದ ಆರಿಜನ್ ಅನ್ನುವ ದೊಡ್ಡ ಪಂಡಿತರು ಹುಟ್ಟುಹಬ್ಬ ಮಾಡುವುದನ್ನೇ ಒಪ್ಪುತ್ತಿರಲಿಲ್ಲ. ಸತ್ಯವೇದದಲ್ಲಿ ಹುಟ್ಟುಹಬ್ಬ ಮಾಡಿಕೊಂಡವರು ಫರೋಹ ಮತ್ತು ಹೆರೋದ, ಪವಿತ್ರರು ಯಾರೂ ಮಾಡಿಕೊಂಡಿಲ್ಲ ಎಂದು ಅವರ ವಾದ.

ಇನ್ನು 25ನೇ ತಾರೀಕು. ರೋಮಿನಲ್ಲಿ ಕ್ರಿ.ಶ. 354ರಲ್ಲಿ ಸಿದ್ಧವಾದ ಒಂದು ಪಂಚಾಂಗದಂಥ ಪುಸ್ತಕ ಇದೆ. ಡಿಸೆಂಬರ್ 25ಕ್ಕೆ ಕ್ರಿಸ್ತನು ಯೂದಾಯದ ಬೇತ್ಲೆಹೇಮಿನಲ್ಲಿ ಹುಟ್ಟಿದನು ಎಂದು ಅದರಲ್ಲಿದೆ. ಆ ಪಟ್ಟಿ 336ರ ಹೊತ್ತಿನದು ಎಂದು ಬಲ್ಲವರು ಹೇಳುತ್ತಾರೆ. ಅದೇ ಪುಸ್ತಕದ ಇನ್ನೊಂದು ಕಡೆ, ಅದೇ ತಾರೀಕಿಗೆ, ಸೋಲಿಲ್ಲದವನ ಹುಟ್ಟು ಎಂದೂ ಬರೆದಿದೆ. ಸೋಲಿಲ್ಲದವನು ಅಂದರೆ ರೋಮಿನವರ ಸೂರ್ಯದೇವರು. ಈ ದೇವರಿಗೆ ಚಕ್ರವರ್ತಿ ಅರೇಲಿಯನ್ 274ರಲ್ಲಿ ದೊಡ್ಡ ಗುಡಿ ಕಟ್ಟಿಸಿದ್ದ. ನಮ್ಮ ಹುಡುಗನ ವಾದಕ್ಕೆ ಬುಡ ಇರುವುದು ಇಲ್ಲೇ.

ಆದರೆ ಆ ಬುಡವನ್ನು ಇನ್ನೂ ಸ್ವಲ್ಪ ಅಗೆದು ನೋಡಬೇಕು. ಡಿಸೆಂಬರ್ 25ಕ್ಕೆ ಸೂರ್ಯನ ಹಬ್ಬ ಇತ್ತು ಅನ್ನುವುದಕ್ಕೆ ಸ್ಪಷ್ಟವಾಗಿ ಸಿಗುವ ಮೊದಲ ಸಾಕ್ಷಿಯೂ ಇದೇ ಪುಸ್ತಕ. ಅದಕ್ಕಿಂತ ಹಿಂದೆ, ಸುಮಾರು ಕ್ರಿ.ಶ. 200ರ ಹೊತ್ತಿಗೇ, ಟೆರ್ಟುಲಿಯನ್ ಎಂಬ ಕ್ರೈಸ್ತ ಬರಹಗಾರರು ಯೇಸು ಶಿಲುಬೆಗೆ ಏರಿದ ದಿನ ಮಾರ್ಚ್ 25 ಎಂದು ಲೆಕ್ಕ ಹಾಕಿದ್ದರು. ಯೇಸು ತಾಯಿಯ ಗರ್ಭ ಸೇರಿದ್ದೂ ಅದೇ ದಿನ ಎಂಬ ನಂಬಿಕೆ ಆಮೇಲೆ ಬೆಳೆಯಿತು. ಮಾರ್ಚ್ 25ರಿಂದ ಒಂಬತ್ತು ತಿಂಗಳು ಎಣಿಸಿದರೆ ಡಿಸೆಂಬರ್ 25ಕ್ಕೆ ಬಂದು ನಿಲ್ಲುತ್ತದೆ. ಪೂರ್ವ ದಿಕ್ಕಿನ ಸಭೆಗಳಲ್ಲಿ ಏಪ್ರಿಲ್ 6 ಎಂಬ ಲೆಕ್ಕ ಇತ್ತು, ಅದಕ್ಕೆ ಒಂಬತ್ತು ತಿಂಗಳು ಸೇರಿಸಿದರೆ ಜನವರಿ 6. ಆರ್ಮೇನಿಯಾದ ಸಭೆಯವರು ಇವತ್ತಿಗೂ ಜನವರಿ 6ಕ್ಕೇ ಹಬ್ಬ ಮಾಡುತ್ತಾರೆ. ಯಾರು ಯಾರನ್ನು ನೋಡಿ ದಿನ ಇಟ್ಟುಕೊಂಡರು ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಹೀಗಿರುವಾಗ "ಪೂರಾ ಕದ್ದ ಹಬ್ಬ" ಎಂದು ಖಡಾಖಂಡಿತವಾಗಿ ಹೇಳುವುದು ಸರಿಯಲ್ಲ. ಹಾಗೇ, ಯೇಸು ಅವತ್ತೇ ಹುಟ್ಟಿದ್ದು ಎಂದು ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಹೇಳುವುದೂ ಸರಿಯಲ್ಲ. ಅವರಿಗೆ ನಿಜ ಹೇಳಬೇಕು. ತಾರೀಕು ಗೊತ್ತಿಲ್ಲ, ಹುಟ್ಟಿದ್ದು ಗೊತ್ತು, ಆ ಸಂತೋಷಕ್ಕೆ ಹಿರಿಯರು ಒಂದು ದಿನ ಇಟ್ಟರು. ಇಷ್ಟು ಸಾಕು ಅಲ್ವಾ?

ಒಂದು ಮಾತು ಹುಡುಗನನ್ನು ಕೇಳಿದೆ. ನಿಮ್ಮ ಸಭೆ ವಾರದಲ್ಲಿ ಯಾವ ದಿನ ಕೂಡುತ್ತದೆ? ಭಾನುವಾರ. ಭಾನು ಅಂದರೆ ಯಾರು? ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾವು ಕನ್ನಡದ ಕ್ರೈಸ್ತರು ಹುಟ್ಟಿದಾಗಿನಿಂದ ಸೂರ್ಯನ ಹೆಸರಿನ ದಿನವೇ ದೇವರ ಮುಂದೆ ಮೊಣಕಾಲೂರಿದ್ದೇವೆ. ಅದರಿಂದ ಯಾರ ಪ್ರಾರ್ಥನೆಯೂ ಸೂರ್ಯನಿಗೆ ಹೋಗಿ ಸೇರಲಿಲ್ಲ.

ನನ್ನ ಮನಸ್ಸು ಗಟ್ಟಿಯಾಗಿದ್ದು ಮಾತ್ರ ಯೋಹಾನನ ಸುವಾರ್ತೆ ಹತ್ತನೇ ಅಧ್ಯಾಯದಲ್ಲಿ. ಎಷ್ಟೋ ಸಲ ಓದಿದ್ದೆ, ನಿಂತು ನೋಡಿರಲಿಲ್ಲ. 22, 23ನೇ ವಚನಗಳಲ್ಲಿ ಯೆರೂಸಲೇಮಿನಲ್ಲಿ ದೇವಾಲಯದ ಪ್ರತಿಷ್ಠೆಯ ಹಬ್ಬ ನಡೆಯುತ್ತಿದೆ, ಚಳಿಗಾಲ, ಯೇಸು ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದಾನೆ. ಈ ಹಬ್ಬ ಮೋಶೆಯ ಧರ್ಮಶಾಸ್ತ್ರದಲ್ಲಿ ಇಲ್ಲ. ಕ್ರಿ.ಪೂ. 164ರಲ್ಲಿ ಮಕ್ಕಬಿಯರು ಎಂಬ ಯೆಹೂದಿ ಹೋರಾಟಗಾರರು ಅಪವಿತ್ರವಾಗಿದ್ದ ದೇವಾಲಯವನ್ನು ಶುದ್ಧಮಾಡಿದ ನೆನಪಿಗೆ ಜನರೇ ಶುರುಮಾಡಿಕೊಂಡದ್ದು. ದೇವರು ಮಾಡಿ ಎಂದು ಕಟ್ಟಳೆ ಕೊಡದ ಹಬ್ಬ ಅದು. "ಇದು ಎಲ್ಲಿ ಬರೆದಿದೆ" ಎಂದು ಯೇಸು ಯಾರನ್ನೂ ಗದರಿಸಲಿಲ್ಲ. ಹಬ್ಬದ ಜನರ ನಡುವೆಯೇ ಇದ್ದನು.

ಕ್ರಿಸ್ಮಸ್ ಮರದ ವಿಷಯಕ್ಕೆ ಹುಡುಗ ಯೆರೆಮೀಯ ಹತ್ತನೇ ಅಧ್ಯಾಯ ತೆಗೆದ. ಕಾಡಿನ ಮರ ಕಡಿದು ಬೆಳ್ಳಿ ಬಂಗಾರ ಹೊದಿಸುತ್ತಾರೆ ಎಂದಿದೆ, ಹೌದು. ಮುಂದೆ ಓದಿದರೆ ಅದು ಮಾತಾಡದ, ನಡೆಯಲಾರದ, ಹೊತ್ತುಕೊಂಡೇ ಹೋಗಬೇಕಾದ ವಿಗ್ರಹದ ಮಾತು ಎಂದು ಗೊತ್ತಾಗುತ್ತದೆ. ನಾವು ತರುವುದು ತೋಟದ ಸಿಲ್ವರ್ ಓಕಿನ ಒಂದು ಕೊಂಬೆ. ಅದಕ್ಕೆ ಯಾರೂ ಅಡ್ಡಬೀಳುವುದಿಲ್ಲ, ಜನವರಿಯಲ್ಲಿ ಹಂಡೆ ಒಲೆಗೆ ಹೋಗುತ್ತದೆ. ಮರ ಅಲಂಕರಿಸುವ ಪದ್ಧತಿ 16ನೇ ಶತಮಾನದಿಂದ ಜರ್ಮನ್ ಮಾತಾಡುವ ಸೀಮೆಯಲ್ಲಿ ಬೆಳೆದದ್ದು. ನಮ್ಮ ಹಿರಿಯರಿಗೆ ಸುವಾರ್ತೆ ಹೇಳಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರೂ ಆ ಸೀಮೆಯವರೇ. 1843ರಲ್ಲಿ 'ಮಂಗಳೂರ ಸಮಾಚಾರ' ಶುರುಮಾಡಿ, ಮುಂದಿನ ದಶಕದಲ್ಲಿ ಕೊಡಗಿಗೆ ಬಂದು ಸಿದ್ದಾಪುರದ ಕಡೆ ಆನಂದಪುರ ಕಟ್ಟಿದವರು ಅವರು.

ಮೂಲದ ಮಾತು ಬಂದಾಗ ನನಗೆ ನಿಜವಾಗಿ ನೋವು ಕೊಡುವುದು ಬೇರೆ ಜಾಗ. ಮಡಿಕೇರಿ ಕೋಟೆಯೊಳಗೆ ಈಗ ಮ್ಯೂಸಿಯಂ ಇದೆಯಲ್ಲ, ಆ ಕಟ್ಟಡ ಮೊದಲು ಸೇಂಟ್ ಮಾರ್ಕ್ಸ್ ಚರ್ಚ್ ಆಗಿತ್ತು. ಅದಕ್ಕೂ ಮೊದಲು ಅಲ್ಲಿ ವೀರಭದ್ರ ದೇವಸ್ಥಾನ ಇತ್ತು. 1855ರಲ್ಲಿ ಬ್ರಿಟಿಷರು ಅದನ್ನು ತೆಗೆಸಿದರು, ಅಲ್ಲಿ ಚರ್ಚ್ ಎದ್ದಿತು. ಒಳಗೆ ಹೋದಾಗ ಬಣ್ಣದ ಗಾಜಿನ ಕಿಟಕಿ ನೋಡಿ ಖುಷಿಪಡಲು ನನಗೆ ಆಗುವುದಿಲ್ಲ. ಒಬ್ಬರ ಪೂಜೆಯ ಜಾಗ ಕಿತ್ತುಕೊಂಡು ಮಾಡಿದ ಆರಾಧನೆ ಅದು. ಅಂಥ ಮೂಲದ ಬಗ್ಗೆ ನಾವು ಕ್ರೈಸ್ತರು ತಲೆತಗ್ಗಿಸಬೇಕು, ಬಾಯಿಬಿಟ್ಟು ಹೇಳಲೂಬೇಕು. ಆದರೆ ದಿನ ಅನ್ನುವುದು ಜಾಗದ ಹಾಗಲ್ಲ. ನಾನು ಇಟ್ಟುಕೊಂಡರೆ ನಿಮಗೆ ಕಡಿಮೆಯಾಗುವುದಿಲ್ಲ. ಇಲ್ಲಿ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಬಂದು ಸ್ವಲ್ಪ ದಿನಕ್ಕೆ ಕ್ರಿಸ್ಮಸ್. ಪಕ್ಕದ ತೋಟದ ಕೊಡವರ ಮನೆಯಲ್ಲಿ "ಪೊಲಿ ಪೊಲಿ ದೇವಾ" ಎಂದು ಕದಿರು ತೆಗೆದ ರಾತ್ರಿ ನಮ್ಮ ಅಂಗಳಕ್ಕೂ ಕೇಳುತ್ತದೆ. ಮರುದಿನ ತಂಬಿಟ್ಟು ಬರುತ್ತದೆ, ಕ್ರಿಸ್ಮಸ್ಸಿಗೆ ನಮ್ಮ ಕೇಕ್ ಹೋಗುತ್ತದೆ. ಇದರಿಂದ ಅವರಿಗೂ ನಷ್ಟವಾಗಿಲ್ಲ, ನಮಗೂ ಆಗಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು 336ರ ಬಗ್ಗೆ ಅಲ್ಲ, ಈಗಿನ ಡಿಸೆಂಬರಿನ ಬಗ್ಗೆ. ಅಪ್ಪನ ಕಾಲದಲ್ಲಿ ಗ್ಯಾಸ್‌ಲೈಟ್ ಹಿಡಿದು ಮಂಜಿನಲ್ಲಿ ಮೂರು ರಾತ್ರಿ ಕ್ಯಾರೋಲ್ ಹೋಗುತ್ತಿದ್ದೆವು, ಮೊದಲು ಹೋಗುತ್ತಿದ್ದದ್ದು ತೋಟದ ಕೆಲಸದವರ ಲೈನ್ ಮನೆಗಳಿಗೆ, ಅಲ್ಲಿ ಬೆಲ್ಲದ ಕಾಫಿ ಕೊಡುತ್ತಿದ್ದರು, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗು ಸ್ಕೂಲ್ ಬಿಟ್ಟಿದೆ ಎಂದು ಅಪ್ಪನಿಗೆ ತಿಳಿಯುತ್ತಿದ್ದದ್ದೇ ಆ ರಾತ್ರಿಗಳಲ್ಲಿ. ಈಗ ಜೀಪಿನಲ್ಲಿ ಸ್ಪೀಕರ್ ಕಟ್ಟಿಕೊಂಡು ದೊಡ್ಡ ಗೇಟಿನ ಮನೆಗಳಿಗೆ ಹೋಗಿ ಬರುತ್ತೇವೆ. ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದವರಿದ್ದಾರೆ. ಚಳಿಯಲ್ಲಿ ಸರಿಯಾದ ಕಂಬಳಿ ಇಲ್ಲದೆ ಮಲಗುತ್ತಾರೆ. ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬದಲ್ಲಿ ಅವರ ಬಾಗಿಲು ತಟ್ಟದೆ ಬಂದರೆ ನನ್ನ ಹತ್ತಿರ ಹುಡುಗನಿಗೆ ಕೊಡಲು ಯಾವ ಉತ್ತರವೂ ಉಳಿಯುವುದಿಲ್ಲ.

ನಮ್ಮವರಿಗೂ ಒಂದು ಮಾತು. ಅವನು ಹಬ್ಬ ಮಾಡುವುದಿಲ್ಲ ಎಂದಾಗ ನೆಂಟರೊಬ್ಬರು "ನಮ್ಮ ಮನೆಗೆ ಕಾಲಿಡಬೇಡ" ಅಂದರು. ಇದು ತಪ್ಪು. ಅವನ ಹಾಗೆ ಯೋಚಿಸಿದ ಕ್ರೈಸ್ತರು ಹಿಂದೆಯೂ ಇದ್ದರು. ಇಂಗ್ಲೆಂಡಿನಲ್ಲಿ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರ ಪಾರ್ಲಿಮೆಂಟ್ 1647ರಲ್ಲಿ ಕ್ರಿಸ್ಮಸ್ಸನ್ನೇ ರದ್ದು ಮಾಡಿತ್ತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಶಿಲಿಂಗ್ ದಂಡ ಇತ್ತು. ದಂಡ ಹಾಕಿದ್ದು ತಪ್ಪು, ಮನೆಗೆ ಬರಬೇಡ ಅನ್ನುವುದೂ ಅಷ್ಟೇ ತಪ್ಪು. ಒಂದು ದಿನವನ್ನು ವಿಶೇಷ ಎಂದು ಎಣಿಸುವವನೂ, ಎಲ್ಲ ದಿನ ಒಂದೇ ಎನ್ನುವವನೂ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಹೇಳಿದ್ದಾನೆ. ಇದನ್ನು ಅವನಿಗೂ ಓದಿ ಹೇಳಿದೆ, ಆ ನೆಂಟರಿಗೂ ಫೋನ್ ಮಾಡಿ ಓದಿ ಹೇಳಿದೆ.

ನಕ್ಷತ್ರ ಕಟ್ಟಿದ್ದೇನೆ. ಹುಡುಗ 25ಕ್ಕೆ ಬರುವುದಿಲ್ಲವಂತೆ, 26ಕ್ಕೆ ಬಾ ಅಂದೆ, ಹೂಂ ಅಂದ. ಹಂದಿ ಸಾರಿನಲ್ಲಿ ಅವನ ಪಾಲು ತೆಗೆದಿಡಲು ಮನೆಯಲ್ಲಿ ಹೇಳಿದ್ದೇನೆ. ಅದಕ್ಕೆ ಮೊದಲು, 24ರ ಸಂಜೆ ಲೈನ್ ಮನೆಗಳಿಗೆ ಕಂಬಳಿ ಕೊಡಲು ಹೋಗುವಾಗ ಜೊತೆಗೆ ಬರುತ್ತೀಯಾ ಎಂದೂ ಕೇಳಿದ್ದೇನೆ. ನೋಡ್ತೀನಿ ಚಿಕ್ಕಪ್ಪ ಅಂದಿದ್ದಾನೆ.