ಮೇಲಿನ ಶೀಟ್ ಮನೆ ಖಾಲಿಯಾಗಿದೆ

ನಮ್ಮ ಬಿಲ್ಡಿಂಗಿನ ಮೂರನೇ ಫ್ಲೋರಿನಲ್ಲಿರುವ ಶೀಟ್ ಮನೆ ಹೋದ ವಾರ ಖಾಲಿಯಾಯಿತು. ಓನರ್ ಆಂಟಿ ಗೇಟಿಗೆ ಟು-ಲೆಟ್ ಬೋರ್ಡು ಕಟ್ಟುವ ಮೊದಲೇ ಊರಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿದೆ, ಹೆಂಡತಿ ಮಗೂನ ಕರ್ಕೊಂಡು ಬರಬೇಕಂತೆ. "ಅಕ್ಕ, ಲಗ್ಗೆರೆ ಹೆಂಗೆ? ಇರಬೋದಾ?" ಅಂದ. "ಬಾರೋ, ಇರಬೋದು" ಅಂದು ಫೋನ್ ಇಟ್ಟೆ. ಒಂಬತ್ತು ವರ್ಷ ಇದೇ ಬೀದಿಯಲ್ಲಿದ್ದೀನಿ, ಎರಡೇ ಮಾತಲ್ಲಿ ಮುಗಿಸಿಬಿಟ್ಟೆನಲ್ಲ ಅಂತ ಆಮೇಲೆ ಅನ್ನಿಸಿತು. ಫೋನಲ್ಲಿ ಹೇಳದೇ ಉಳಿದದ್ದು ಇಲ್ಲಿದೆ.

ಲಗ್ಗೆರೆ ಗೊತ್ತಿಲ್ಲದವರಿಗೆ ಹೇಳುವುದಾದರೆ, ಬೆಂಗಳೂರಿನ ರಿಂಗ್ ರೋಡಿನ ಆ ಕಡೆ ನಂದಿನಿ ಲೇಔಟ್, ಈ ಕಡೆ ನಾವು, ಬೆನ್ನಿಗೆ ಪೀಣ್ಯ. ಊರಿನವರಿಗೆ ವಿಳಾಸ ಹೇಳುವಾಗ ನಾವು ಅಣ್ಣಾವ್ರ ಸಮಾಧಿಯಿಂದ ಶುರು ಮಾಡುತ್ತೇವೆ, ಕಂಠೀರವ ಸ್ಟುಡಿಯೋ ಅಂದರೆ ಯಾವ ಆಟೋದವರಿಗೂ ಗೊತ್ತು. ಏಪ್ರಿಲ್ 24ಕ್ಕೆ ಅಣ್ಣಾವ್ರ ಹುಟ್ಟುಹಬ್ಬ, ಅಕ್ಟೋಬರ್ 29ಕ್ಕೆ ಅಪ್ಪು ಹೋದ ದಿನ. ಆ ಎರಡು ದಿನ ರಿಂಗ್ ರೋಡಿನ ಕಡೆ ಬಸ್ಸು ನಂಬಿಕೊಂಡು ಹೋಗಬಾರದು. ನಡೆದು ಹೋದರೆ ಸಮಾಧಿ ನೋಡಿದ ಹಾಗೂ ಆಗುತ್ತೆ, ಅಭಿಮಾನಿಗಳು ಹಾಕಿಸುವ ಊಟವೂ ಆಗುತ್ತೆ.

ಬಾಡಿಗೆ ವಿಷಯ. ನಮ್ಮ ಸಿಂಗಲ್ ಬೆಡ್‌ರೂಮಿಗೆ 8,500. ಮೇಲಿನ ಶೀಟ್ ಮನೆಗೆ 5,000. ನನ್ನ ಜೊತೆ ಕೆಲಸ ಮಾಡುವ ಹುಡುಗಿ ಮಹಾಲಕ್ಷ್ಮಿ ಲೇಔಟಿನಲ್ಲಿ ಇಷ್ಟೇ ದೊಡ್ಡ ಮನೆಗೆ 15,000 ಕೊಡುತ್ತಾಳೆ. ಆದರೆ ಬೆಂಗಳೂರಲ್ಲಿ ಬಾಡಿಗೆ ಕಟ್ಟೋದು ಅಷ್ಟು ಕಷ್ಟ ಅಲ್ಲ, ಒಳಗೆ ಕಾಲಿಡೋದು ಕಷ್ಟ. ಹತ್ತು ತಿಂಗಳ ಅಡ್ವಾನ್ಸ್. ನಾವು ಬಂದಾಗ ಬಾಡಿಗೆ 6,000 ಇತ್ತು, 60,000 ಒಂದೇ ಸಲ ಎಣಿಸಬೇಕಿತ್ತು, ಅಮ್ಮನ ಸರ ತಿಪಟೂರಿನಲ್ಲಿ ಅಡ ಇಟ್ಟೆವು. ಅದನ್ನು ಬಿಡಿಸೋಕೆ ಎರಡು ವರ್ಷ ಹಿಡಿಯಿತು. 2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂದು, ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ತಗೋಬಾರದು ಅಂತ ಬರೆಯಿತು. ಆ ಸುದ್ದಿ ರಿಂಗ್ ರೋಡ್ ದಾಟಿ ನಮ್ಮ ಬೀದಿಗೆ ಇನ್ನೂ ಬಂದಿಲ್ಲ. ಬಿಟ್ಟು ಹೋಗುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡ್ಕೊಳ್ಳುತ್ತಾರೆ, ಗೋಡೆ ಕನ್ನಡಿ ಥರ ಇಟ್ಟುಕೊಂಡಿದ್ದರೂ ಅಷ್ಟೇ.

ಬಾಡಿಗೆ ಇಷ್ಟು ಕಮ್ಮಿ ಯಾಕೆ ಅಂದರೆ, ನಮ್ಮ ಬೀದಿ ಹೊಲವನ್ನು ಸೈಟು ಮಾಡಿ ಮಾರಿದ ಜಾಗ. ಲೇಔಟ್ ಅನುಮತಿ ಇಲ್ಲದ ರೆವಿನ್ಯೂ ಸೈಟು, ದಾಖಲೆ ಪೂರ್ತಿ ಸರಿಯಿಲ್ಲದ ಬಿ ಖಾತಾ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಒಂದಿಂಚೂ ಬಿಡದೆ ಕಟ್ಟಿ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಕೊನೆಗೆ ದುಡ್ಡು ಮುಗಿದಲ್ಲಿ ಶೀಟು. ಪಾರ್ಕಿಗೆ ಅಂತ ಯಾರೂ ಜಾಗ ಬಿಟ್ಟಿಲ್ಲ, ಮಕ್ಕಳ ಕ್ರಿಕೆಟ್ಟು ರೋಡಿನಲ್ಲೇ. ಚೆಂಡು ಯಾರ ಮನೆಯ ಕುಕ್ಕರ್‌ಗೆ ಬಡಿಯಿತು ಅನ್ನೋದು ಸೌಂಡಿನಲ್ಲೇ ಗೊತ್ತಾಗುತ್ತೆ. ನಮ್ಮ ಬೆಡ್‌ರೂಮಿನ ಕಿಟಕಿ ತೆಗೆದರೆ ಪಕ್ಕದ ಮನೆ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಹಗಲಲ್ಲೂ ಲೈಟು ಬೇಕು.

ಲೈಟು ಅಂದ ಮೇಲೆ ನೆನಪಾಯಿತು. 2023ರ ಆಗಸ್ಟಿನಲ್ಲಿ ಮನೆಗೆ ಫ್ರೀ ಕರೆಂಟು ಕೊಡುವ ಗೃಹಜ್ಯೋತಿ ಬಂದಾಗ ನಮ್ಮ ಮನೆಗೆ ಬಿಲ್ಲು ಸೊನ್ನೆ ಆಯಿತು, ಯಾಕೆಂದರೆ ನಮಗೆ ಬೇರೆ ಮೀಟರ್ ಇದೆ, ಬಾಡಿಗೆಯವರೂ ಅಗ್ರಿಮೆಂಟ್ ತೋರಿಸಿ ಅರ್ಜಿ ಹಾಕಬಹುದಿತ್ತು. ಶೀಟ್ ಮನೆಗೆ ಮಾತ್ರ ಸ್ವಂತ ಮೀಟರ್ ಇಲ್ಲ. ಓನರ್ ಮನೆ ಮೀಟರಿಂದಲೇ ಒಂದು ಸಬ್ ಮೀಟರ್. ಎರಡೂ ಮನೆದು ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಬೇಸಿಗೆಯಲ್ಲಿ ದಾಟೇ ದಾಟುತ್ತೆ. ಆಂಟಿ ಪಾಲು ಹಾಕಿ ಮೇಲಿನವರ ಹತ್ತಿರ ಇಸ್ಕೊಳ್ಳುತ್ತಾರೆ. ಹೀಗಾಗಿ ಬಿಲ್ಡಿಂಗಿನಲ್ಲಿ ಎಲ್ಲರಿಗಿಂತ ಕಮ್ಮಿ ಸಂಬಳದವರು ಕರೆಂಟಿಗೆ ದುಡ್ಡು ಕಟ್ಟುತ್ತಾರೆ, ನಾವು ಕಟ್ಟಲ್ಲ. ಆಂಟಿ ಕೆಟ್ಟವರಲ್ಲ. ಆದರೂ ಮೆಟ್ಟಿಲಲ್ಲಿ ಮೇಲಿನ ಮನೆ ಅಕ್ಕ ಎದುರಾದಾಗ ನಾನು ಬಿಲ್ಲಿನ ಮಾತು ಎತ್ತುತ್ತಿರಲಿಲ್ಲ.

ಈಗ ನೀರು. ಹೊಸಬರಿಗೆ ನಾನು ಮೊದಲು ಹೇಳೋದೇ ಇದು. ಕಾವೇರಿ ನೀರಿನ ಪೈಪು ಇದೆ, ಆದರೆ ನೀರು ಬಿಡುವವನು ಯಾವ ಹೊತ್ತಿಗೆ ಬಿಡುತ್ತಾನೋ ಆ ದೇವರಿಗೇ ಗೊತ್ತು, ಸಾಮಾನ್ಯವಾಗಿ ನಿದ್ದೆ ಗಟ್ಟಿಯಾಗಿ ಹಿಡಿದ ಮೇಲೆ. ಸಂಪು ತುಂಬಿದರೆ ಬೆಳಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಮೋಟರ್. ಮೋಟರ್ ಸ್ವಿಚ್ಚು ಆಂಟಿ ಮನೆ ಒಳಗೆ. ಅಷ್ಟರಲ್ಲಿ ಎಲ್ಲ ಮನೆಯಲ್ಲೂ ಡ್ರಮ್ಮು, ಬಿಂದಿಗೆ, ಬಕೆಟ್ಟು, ಕೊನೆಗೆ ಹಿಟ್ಟು ಕಲಸುವ ಪಾತ್ರೆ ತನಕ ತುಂಬಬೇಕು. ಬಟ್ಟೆ ಒಗೆದ ನೀರು ಬಾತ್‌ರೂಮಿಗೆ, ಅಕ್ಕಿ ತೊಳೆದದ್ದು ಕರಿಬೇವಿನ ಗಿಡಕ್ಕೆ. ಕುಡಿಯೋಕೆ ಬೀದಿ ಕೊನೆಯ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ 20 ಲೀಟರಿನ ಕ್ಯಾನ್ ಹಿಡಿಯಬೇಕು, ಸ್ಕೂಟರಿನ ಕಾಲಿಡೋ ಜಾಗದಲ್ಲಿ ಇಟ್ಟುಕೊಂಡು ಬರಬೇಕು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಇಡೀ ಬೆಂಗಳೂರು ಬಾಯಿ ಬಾಯಿ ಬಿಟ್ಟಾಗ ಸರ್ಕಾರ ಟ್ಯಾಂಕರ್‌ಗೆ ರೇಟು ಕಟ್ಟಿತು, 12,000 ಲೀಟರಿನದ್ದಕ್ಕೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ. ಸರಿ, ಆ ಲಾರಿ ನಮ್ಮ ಬೀದಿಗೆ ತಿರುಗಬೇಕಲ್ಲ? ಇಲ್ಲಿಗೆ ಬರೋದು ಟ್ರ್ಯಾಕ್ಟರಿನ ಸಣ್ಣ ಟ್ಯಾಂಕರ್, ಅದರವನು ಹೇಳಿದ್ದೇ ರೇಟು. ನಾಲ್ಕು ಮನೆಯವರು ಸೇರಿ ಕೊಟ್ಟೆವು. ಆ ತಿಂಗಳು ನಾವು ನೆಂಟರು ಯಾರನ್ನೂ ಮನೆಗೆ ಕರೆಯಲಿಲ್ಲ, ಬರ್ತೀವಿ ಅಂದವರಿಗೆ ಜ್ವರ ಅಂತ ಸುಳ್ಳು ಹೇಳಿದೆ.

ಇನ್ನು ಸದ್ದು. ಕೆಳಗಡೆ ಅಂಗಡಿ ಜಾಗದಲ್ಲಿ ಪವರ್ ಪ್ರೆಸ್ ಇದೆ, ದೊಡ್ಡ ಫ್ಯಾಕ್ಟರಿಗೆ ಸಣ್ಣ ಸಣ್ಣ ವಾಷರ್ ಹೊಡೆದುಕೊಡುವ ಜಾಬ್ ವರ್ಕು. ನಮ್ಮ ಬೀದಿಯಲ್ಲೇ ಇಂಥವು ಐದಾರಿವೆ. ಬೆಳಗ್ಗೆ ಒಂಬತ್ತಕ್ಕೆ ಧಡ್ ಅಂತ ಶುರುವಾದರೆ ರಾತ್ರಿ ಎಂಟು, ತಟ್ಟೆಯಲ್ಲಿರೋ ಸ್ಪೂನು ಅಲುಗಾಡುತ್ತೆ. ಮೊದಲ ತಿಂಗಳು ನಾನು ಅತ್ತೇ ಬಿಟ್ಟಿದ್ದೆ. ಮಗಳು ಹುಟ್ಟಿದ್ದು ಇದೇ ಮನೆಗೆ, ಅವಳಿಗೆ ಅದು ಜೋಗುಳ. ಭಾನುವಾರ ಮಧ್ಯಾಹ್ನ ಪ್ರೆಸ್ ನಿಂತಿರುತ್ತೆ, ಅವಳು ಮಲಗಲ್ಲ! ಆಯುಧಪೂಜೆ ದಿನ ಆ ಮಷೀನಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಮತ್ತೆ ಬೂಂದಿಯ ಕವರು ಎಲ್ಲ ಮನೆಗೂ ಕಳಿಸುತ್ತಾರೆ. ವರ್ಷಪೂರ್ತಿ ಬೈದುಕೊಂಡವಳು ಅವತ್ತು ಎರಡು ಕವರ್ ಇಸ್ಕೊಳ್ಳುತ್ತೇನೆ.

ಬಸ್ಸಿಗೆ ತೊಂದರೆ ಇಲ್ಲ. ಬೆಳಗ್ಗೆ ಸ್ಟಾಪಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಡಬ್ಬಿ ಚೀಲ ಹಿಡಿದು ನಿಂತಿರುತ್ತಾರೆ, 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಅವರಿಗೂ ನನಗೂ ಫ್ರೀ ಟಿಕೆಟ್. ತಿಂಗಳಿಗೆ ಸಾವಿರಕ್ಕೂ ಜಾಸ್ತಿ ಉಳಿಯಿತು, ಅದರಲ್ಲಿ ಒಂದು ಚೀಟಿ ಹಾಕಿದೆ. ನಮ್ಮ ಯಜಮಾನರು ಮೆಟ್ರೋದಲ್ಲಿ ಓಡಾಡುತ್ತಿದ್ದರು, 2025ರ ಫೆಬ್ರವರಿಯಲ್ಲಿ ಅದರ ಚಾರ್ಜು ಏರಿಸಿದ ಮೇಲೆ ಬೈಕ್ ಮತ್ತೆ ಹೊರಗೆ ಬಂತು.

ಜನ ಹೇಗೆ ಅಂತ ಅವನು ಕೇಳಲಿಲ್ಲ, ಅವನ ಹೆಂಡತಿ ಕೇಳುತ್ತಾಳೆ. ತುಮಕೂರು, ಹಾಸನ, ಮಂಡ್ಯ, ರಾಯಚೂರು ಕಡೆಯವರು, ತಮಿಳರು, ಈಚೆಗೆ ಒರಿಯಾ ಹುಡುಗರು. ಎಲ್ಲರೂ ಎಲ್ಲರ ಜಗಳ ಕೇಳಿಸಿಕೊಳ್ಳುತ್ತಾರೆ, ಗೋಡೆ ಅಷ್ಟು ತೆಳು. ಮಗಳಿಗೆ ರಾತ್ರಿ ಜ್ವರ ಏರಿ ಕಣ್ಣು ಮೇಲೆ ಮಾಡಿದಾಗ ನಾನು ಕಿರುಚಿದ್ದಕ್ಕೆ ಬಾಗಿಲು ತಟ್ಟದೇನೇ ಮೂರು ಮನೆಯವರು ಒಳಗಿದ್ದರು, ಎದುರು ಮನೆಯ ಅಣ್ಣ ಲುಂಗಿಯಲ್ಲೇ ಆಟೋ ತೆಗೆದ. ಹಾಗೇ, ನಾನು ಮೀನು ತಂದರೆ ಅದೂ ಇಡೀ ಬೀದಿಗೆ ಗೊತ್ತು, ಮನೆಗೆ ಯಾರು ಬಂದರು, ಎಷ್ಟು ಹೊತ್ತು ಇದ್ದರು ಎಲ್ಲ ಲೆಕ್ಕ. ಮೂಲೆ ಅಂಗಡಿಯವರು ಸಂಬಳ ಆಗೋವರೆಗೂ ಬರೆದುಕೊಳ್ಳುತ್ತಾರೆ, ಆದರೆ ಪುಸ್ತಕ ತೆರೆದು ಎಲ್ಲರೆದುರು ಜೋರಾಗಿ ಓದುತ್ತಾರೆ.

ಇಷ್ಟೆಲ್ಲ ಬರೆದು ಅವನಿಗೆ ವಾಟ್ಸಾಪ್ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಅವನೇ ಮತ್ತೆ ಫೋನ್ ಮಾಡಿದ, ಶನಿವಾರ ಸಂಜೆ ಬಂದು ಮನೆ ನೋಡಿಕೊಂಡು ಹೋಗ್ತೀನಿ ಅಂತ. ಸಂಜೆ ಬೇಡ ಕಣೋ, ಮಧ್ಯಾಹ್ನ ಎರಡು ಗಂಟೆಗೆ ಬಾ, ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಒಳಗೆ ಕೂತುಕೋ, ಆ ಶೀಟು ಹೆಂಗೆ ಕಾಯುತ್ತೆ ಅಂತ ನೋಡು, ಆಮೇಲೆ ಅಡ್ವಾನ್ಸ್ ಮಾತಾಡೋಣ ಅಂದೆ. ಬರುವಾಗ ಎರಡು ತೆಂಗಿನಕಾಯಿ ತಾ ಅಂತಲೂ ಹೇಳಿದೀನಿ, ಒಂದು ನಮಗೆ, ಒಂದು ಆಂಟಿಗೆ.